ಮಕ್ಕಳ ರಕ್ಷಣೆ ಕೆಲಸದಲ್ಲಿರೋರ ಮನಸ್ಸು: ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಈ ಕೆಲಸಕ್ಕೆ ಬಂದು 16 ವರ್ಷ ಆಯ್ತು. ಮೊದಲು ಒಂದು ಸಂಸ್ಥೇಲಿ ಔಟ್‌ರೀಚ್ ವರ್ಕರ್ ಆಗಿದ್ದೆ, ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಈಗ ಹೊಸಬ್ರಿಗೆ ಟ್ರೈನಿಂಗ್ ಕೊಡ್ತೀನಿ. ಜೆಜೆ ಆಕ್ಟ್ (ಬಾಲನ್ಯಾಯ ಕಾಯ್ದೆ) ಬಗ್ಗೆ, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ ಕಾಯ್ದೆ) ಬಗ್ಗೆ ಡೌಟ್ ಇದ್ರೆ ಎಲ್ರೂ ಕ್ಲಾಸಲ್ಲೇ ಕೈ ಎತ್ತಿ ಕೇಳ್ತಾರೆ, ಈ ಕೆಳಗಿರೋವನ್ನ ಮಾತ್ರ ಟೀ ಬ್ರೇಕಲ್ಲಿ ಪಕ್ಕಕ್ಕೆ ಕರ್ಕೊಂಡು ಹೋಗಿ ಕೇಳ್ತಾರೆ, ಇಲ್ಲಾಂದ್ರೆ ರಾತ್ರಿ ಹತ್ತೂವರೆಗೆ "ಮೇಡಂ ಎದ್ದಿದೀರಾ" ಅಂತ ವಾಟ್ಸಾಪ್ ಬರತ್ತೆ. ಅದಕ್ಕೇ ಒಂದು ಕಡೆ ಬರ್ದಿಟ್ಟಿದೀನಿ. ನಾನು ಡಾಕ್ಟ್ರಲ್ಲ, ಎಂಎಸ್‌ಡಬ್ಲ್ಯೂ ಮಾಡ್ಕೊಂಡು ಫೀಲ್ಡಿಗಿಳಿದವಳು, ಓದಿದ್ದಕ್ಕಿಂತ ಅನುಭವಿಸಿದ್ದೇ ಜಾಸ್ತಿ ಇದೆ ಇದರಲ್ಲಿ.

ಸೇರಿ ಆರು ತಿಂಗಳಾಯ್ತು, ಕಣ್ಣು ಮುಚ್ಚಿದ್ರೆ ಕೇಸಿನ ಮಗು ಎದುರಿಗೆ ಬರತ್ತೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ವಾ?

ಈ ಪ್ರಶ್ನೆ ಕೇಳದೇ ಇರೋ ಹೊಸಬ್ರನ್ನ ನಾನಿನ್ನೂ ನೋಡಿಲ್ಲ. ನನ್ನ ಮೊದಲನೇ ವರ್ಷ ಬಸ್‌ಸ್ಟ್ಯಾಂಡಲ್ಲಿ ಒಬ್ಬ ಹುಡುಗ ಸಿಕ್ಕಿದ್ದ, ಏಳು ವರ್ಷ ಇರಬೋದು. ಹವಾಯಿ ಚಪ್ಪಲಿ ಉಂಗುಷ್ಟ ಕಿತ್ತೋಗಿ ಅದಕ್ಕೊಂದು ಸೇಫ್ಟಿ ಪಿನ್ನು ಹಾಕಿದ್ದ, ನಡೆಯೋವಾಗ ಪಿನ್ನು ಬೆರಳಿಗೆ ಚುಚ್ಚಿ ರಕ್ತ ಒಣಗಿತ್ತು. ಅವನ ಮನೇಲಿ ನಡೆದಿದ್ದನ್ನ ಅವನು ಹೇಳಿದಾಗ ನಾನು ಅಳ್ಲಿಲ್ಲ, ಬರ್ಕೊಂಡೆ, ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಿದೆ, ಬಾಲಮಂದಿರಕ್ಕೆ ಬಿಟ್ಟು ಬಂದೆ. ಆದ್ರೆ ಆಮೇಲೆ ಸುಮಾರು ಒಂದು ವರ್ಷ ಯಾವ ಬಸ್‌ಸ್ಟ್ಯಾಂಡಿಗೆ ಹೋದ್ರೂ ಮೊದಲು ಕಣ್ಣು ಹೋಗ್ತಿದ್ದಿದ್ದು ಮಕ್ಕಳ ಕಾಲಿಗೆ. ಹೇಳಿದ ಮಾತೆಲ್ಲ ಮರ್ತು ಹೋಯ್ತು, ಪಿನ್ನು ಮರೆಯಕ್ಕಾಗಿಲ್ಲ.

ನಮ್ಮ ಮೈಮೇಲೆ ಏನೂ ಆಗಿರಲ್ಲ, ಆದ್ರೂ ಕೇಳಿಸ್ಕೊಂಡೇ ಏಟು ಬೀಳತ್ತೆ ಅನ್ನೋದನ್ನ ವೈದ್ಯರೂ ಒಪ್ಪಿದಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗನಿರ್ಣಯ ಕೈಪಿಡಿನ ಪರಿಷ್ಕರಿಸಿದಾಗ ಕೆಲಸದ ಕಾರಣಕ್ಕೆ ಭಯಾನಕ ವಿವರಗಳನ್ನ ಮತ್ತೆ ಮತ್ತೆ ಕೇಳೋದು ನೋಡೋದು ಕೂಡ ಪಿಟಿಎಸ್‌ಡಿಗೆ (ಆಘಾತ ಆದ್ಮೇಲೂ ಬಿಡದೇ ಕಾಡೋ ಮಾನಸಿಕ ಕಾಯಿಲೆ) ಕಾರಣ ಆಗಬಹುದು ಅಂತ ಸೇರಿಸ್ತು, ಅಲ್ಲಿ ಕೊಟ್ಟಿರೋ ಉದಾಹರಣೇನೇ ಮಕ್ಕಳ ಮೇಲಿನ ದೌರ್ಜನ್ಯದ ವಿವರ ಪದೇ ಪದೇ ಎದುರಿಸೋ ಪೊಲೀಸ್ರದ್ದು. ಪೊಲೀಸ್ರ ಪಕ್ಕದ ಚೇರಲ್ಲಿ ಕೂತಿರೋದು ನಾವೇ ತಾನೆ.

ಮೊದಮೊದಲು ಒಂದೆರಡು ವಾರ ನಿದ್ದೆ ಕೆಡೋದು, ಊಟ ಸೇರದೇ ಇರೋದು ಸಹಜ. ಒಂದು ತಿಂಗಳು ದಾಟಿದ್ರೂ ಕನಸು ನಿಲ್ತಿಲ್ಲ, ಅದೇ ರಸ್ತೆ ಬಿಟ್ಟು ಸುತ್ತಿ ಹೋಗ್ತಿದೀರ, ಸಣ್ಣ ಸದ್ದಿಗೂ ಬೆಚ್ಚಿ ಬೀಳ್ತಿದೀರ ಅಂದ್ರೆ ತೋರಿಸ್ಕೊಳ್ಳಿ. ಎಲ್ಲಿ ಅಂತ ಕೆಳಗೆ ಬರ್ದಿದೀನಿ.

ಬರ್ನ್‌ಔಟು, ಕಂಪ್ಯಾಶನ್ ಫಟೀಗು, ಸೆಕೆಂಡರಿ ಟ್ರಾಮಾ, ಎಲ್ಲ ಒಂದೇನಾ?

ಒಂದೇ ಅಲ್ಲ, ಆದ್ರೆ ಒಂದೇ ಮನೇಲಿ ವಾಸ ಮಾಡ್ತವೆ. ಬರ್ನ್‌ಔಟ್ ಅನ್ನೋ ಪದಾನ ಈಗ ಐಟಿಯವ್ರು ಜಾಸ್ತಿ ಬಳಸ್ತಾರೆ, ಆದ್ರೆ 1974ರಲ್ಲಿ ಫ್ರಾಯ್ಡೆನ್‌ಬರ್ಗರ್ ಅನ್ನೋ ಮನಶ್ಶಾಸ್ತ್ರಜ್ಞರು ಅದರ ಬಗ್ಗೆ ಬರೆದಿದ್ದು ನ್ಯೂಯಾರ್ಕಿನ ಉಚಿತ ಕ್ಲಿನಿಕ್ಕಲ್ಲಿ ಜನಸೇವೆ ಮಾಡೋರನ್ನ ನೋಡಿ, ಅಂದ್ರೆ ಪದ ನಮ್ಮಂಥವ್ರ ಮಧ್ಯೆನೇ ಹುಟ್ಟಿದ್ದು. ಆಮೇಲೆ ಕ್ರಿಸ್ಟಿನಾ ಮ್ಯಾಸ್ಲಾಕ್ ಅದನ್ನ ಅಳೆಯೋ ಪ್ರಶ್ನಾವಳಿ ಮಾಡಿದ್ರು. ಮೂರು ಲಕ್ಷಣ: ಪೂರ್ತಿ ಸುಸ್ತು, ಕೆಲಸದ ಮೇಲೆ ಜನರ ಮೇಲೆ ಒಂಥರಾ ತಾತ್ಸಾರ, ನನ್ನಿಂದ ಏನೂ ಆಗ್ತಿಲ್ಲ ಅನ್ನೋ ಭಾವನೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನ ಕಾಯಿಲೆ ಅಂತ ಕರೆಯಲ್ಲ, ಕೆಲಸಕ್ಕೆ ಸಂಬಂಧಪಟ್ಟ ವಿದ್ಯಮಾನ ಅನ್ನತ್ತೆ. ಈ ವ್ಯತ್ಯಾಸ ಮುಖ್ಯ, ಯಾಕಂದ್ರೆ ಕೆಲಸದಿಂದ ಬಂದಿದ್ದನ್ನ ಬರೀ ಕೆಲಸಗಾರರನ್ನ ರಿಪೇರಿ ಮಾಡಿ ಸರಿಮಾಡಕ್ಕಾಗಲ್ಲ.

ಸೆಕೆಂಡರಿ ಟ್ರಾಮಾ ಅಂದ್ರೆ ಬೇರೆಯವ್ರ ನೋವು ನಿಮ್ಮ ಕನಸಿಗೆ ಬರೋದು, ಒಂದೇ ಕೇಸಿಂದನೂ ಆಗಬಹುದು. ಬರ್ನ್‌ಔಟ್ ನಿಧಾನಕ್ಕೆ ಗೆದ್ದಲು ಹಿಡಿದಂಗೆ ಬರತ್ತೆ. ವಿಕೇರಿಯಸ್ ಟ್ರಾಮಾ ಅಂತ ಇನ್ನೊಂದಿದೆ, ಮೆಕ್ಯಾನ್ ಮತ್ತು ಪರ್ಲ್‌ಮನ್ 1990ರಲ್ಲಿ ಬರೆದಿದ್ದು, ಅದು ಲೋಕ ನೋಡೋ ಕಣ್ಣೇ ಬದಲಾಗೋದು: ಯಾರನ್ನೂ ನಂಬಕ್ಕಾಗದೇ ಇರೋದು, ಎಲ್ಲಾ ಚಿಕ್ಕಪ್ಪಂದಿರೂ ಅನುಮಾನಾಸ್ಪದವಾಗಿ ಕಾಣೋದು. ಕಂಪ್ಯಾಶನ್ ಫಟೀಗ್ ಬಗ್ಗೆ ಫಿಗ್ಲಿ ಅನ್ನೋರು 1995ರಲ್ಲಿ ಬರೆದ್ರು, ಕರುಣೆ ಬತ್ತಿ ಹೋಗೋದು ಅಂತ ಇಟ್ಕೊಳ್ಳಿ. ಹೆಸರು ಬಾಯಿಪಾಠ ಮಾಡೋದು ಬೇಡ, ನಿಮಗೆ ಯಾವುದು ಆಗ್ತಿದೆ ಅಂತ ಗೊತ್ತಾದ್ರೆ ಸಾಕು.

ಮೊದಲು ಅಳ್ತಿದ್ದೆ, ಈಗ ಏನೂ ಅನ್ಸಲ್ಲ. ಗಟ್ಟಿಯಾದೆ ಅಂತ ತಾನೆ?

ಅಲ್ಲ. ಐದಾರು ವರ್ಷ ಆದವ್ರು ಇದನ್ನ ಹೆಮ್ಮೆಯಿಂದ ಹೇಳ್ತಾರೆ, ನಾನೂ ಹೇಳ್ತಿದ್ದೆ. ಒಂದಿನ ಮಧ್ಯಾಹ್ನ ಊಟ ಆಗಿರ್ಲಿಲ್ಲ, ಒಂದು ಕೈಯಲ್ಲಿ ಬೋಂಡ ಇಟ್ಕೊಂಡು ಇನ್ನೊಂದು ಕೈಯಲ್ಲಿ ಫಾರಂ ತುಂಬ್ತಿದ್ದೆ, ಎದುರಿಗೆ ಒಬ್ಬ ತಾಯಿ ಕೂತಿದ್ರು. ಗಂಡನ ಹೆಸರು ಹೇಳಿ ಅಂದೆ, ಹೇಳಿದ್ರು, ಇನಿಷಿಯಲ್ ಅಂದೆ, ಉತ್ತರ ಬರ್ಲಿಲ್ಲ, ಮತ್ತೆ "ಇನಿಷಿಯಲ್ ಏನಮ್ಮಾ" ಅಂತ ಸ್ವಲ್ಪ ಜೋರಾಗೇ ಕೇಳಿ ತಲೆ ಎತ್ತಿದ್ರೆ ಆಕೆ ಸೆರಗು ಬಾಯಿಗೆ ತುರ್ಕೊಂಡು ಅಳ್ತಿದಾರೆ. ಎಷ್ಟೊತ್ತಿಂದ ಅಳ್ತಿದ್ರೋ ನಂಗೆ ಗೊತ್ತಿಲ್ಲ. ನಾನು ಬೋಂಡ ತಿನ್ತಾ ಇದ್ದೆ.

ಟೀಮಲ್ಲಿ ಭಾಷೆ ಗಮನಿಸಿ. ಮಗು ಹೆಸರು ಹೋಗಿ "ಆ ಪೋಕ್ಸೋ ಹುಡುಗಿ", "ಆ ಭಿಕ್ಷಾಟನೆ ಕೇಸು", "ಮೊನ್ನೆ ಓಡಿಹೋಗಿದ್ನಲ್ಲ ಆ ಐಟಮ್ಮು" ಅಂತ ಶುರುವಾಗಿದ್ರೆ ಮರಗಟ್ಟಿದೆ ಅಂತ ಅರ್ಥ. ಇದು ಕೆಟ್ಟತನ ಅಲ್ಲ, ದಿನಾ ಬಿಸಿ ಪಾತ್ರೆ ಹಿಡಿಯೋ ಅಡಿಗೆಯವ್ರ ಬೆರಳಿಗೆ ಚುರುಕು ಗೊತ್ತಾಗದಂಗೆ ಆಗತ್ತಲ್ಲ ಹಂಗೆ. ಕಷ್ಟ ಏನಂದ್ರೆ ಅದು ಆಫೀಸಿಗೆ ಮಾತ್ರ ಸೀಮಿತ ಆಗಲ್ಲ, ಮನೇಲಿ ಮಗಳು ರೇಸಲ್ಲಿ ಗೆದ್ದು ಸರ್ಟಿಫಿಕೇಟ್ ತಂದ್ರೂ ಏನೂ ಅನ್ಸಲ್ಲ.

ಇದೆಲ್ಲ ಕೇಸುಗಳ ನೋವಿಂದನೇ ಬರೋದಾ?

ನನ್ನ ಪ್ರಕಾರ ಅರ್ಧ ಮಾತ್ರ. ಬೇಕಿದ್ರೆ ಜಗಳ ಆಡಿ, ಆದ್ರೆ 16 ವರ್ಷದಲ್ಲಿ ಕೆಲಸ ಬಿಟ್ಟು ಹೋದವ್ರಲ್ಲಿ ಮಕ್ಕಳ ಕಾರಣಕ್ಕೆ ಬಿಟ್ಟೆ ಅಂದವ್ರು ನಂಗೆ ಸಿಕ್ಕಿದ್ದು ಕಮ್ಮಿ. ಹೆಚ್ಚಿನವ್ರು ಬಿಟ್ಟಿದ್ದು ಕಾಂಟ್ರಾಕ್ಟ್ ರಿನ್ಯೂವಲ್ ಆರ್ಡರ್ ಬರದೇ, ತಿಂಗಳುಗಟ್ಟಲೆ ಗೌರವಧನ ಬರದೇ, ಕೈಯಿಂದ ಪೆಟ್ರೋಲ್ ಹಾಕಿಸ್ಕೊಂಡು ಟಿಎ ಬಿಲ್ ಕೇಳಿದ್ರೆ ಕಳ್ಳರ ಥರ ನೋಡಿದ್ದಕ್ಕೆ.

ಲೆಕ್ಕ ಹಾಕಿ ನೋಡಿ. ಮಗು ಸಿಕ್ಕಿದ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸ್ಬೇಕು. ಸಾಮಾಜಿಕ ತನಿಖಾ ವರದಿ 15 ದಿನದಲ್ಲಿ ಕೊಡ್ಬೇಕು, ಸಮಿತಿ ನಾಲ್ಕು ತಿಂಗಳಲ್ಲಿ ಅಂತಿಮ ಆದೇಶ ಕೊಡ್ಬೇಕು. ಕಾನೂನು ಚೆನ್ನಾಗೇ ಇದೆ, ಮಗು ದೃಷ್ಟಿಯಿಂದ ಇದಕ್ಕಿಂತ ತಡ ಆಗ್ಬಾರ್ದು. ಆದ್ರೆ ಆ 15 ದಿನದಲ್ಲಿ ಮಗು ಊರಿಗೆ ಹೋಗ್ಬೇಕು, ಆ ಊರಿಗೆ ದಿನಕ್ಕೆರಡು ಬಸ್ಸು, ಮನೆಯವ್ರು ಕೂಲಿಗೆ ಹೋಗಿರ್ತಾರೆ ಸಂಜೆ ಬನ್ನಿ ಅಂತಾರೆ, ಸಂಜೆ ಹೋದ್ರೆ ವಾಪಸ್ ಬಸ್ಸಿಲ್ಲ. ಜಿಲ್ಲಾ ಘಟಕಕ್ಕೆ ಸೋಶಿಯಲ್ ವರ್ಕರ್ ಇಬ್ಬರು, ಔಟ್‌ರೀಚ್ ವರ್ಕರ್ ಇಬ್ಬರು ಅಂತ ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಹುದ್ದೆ ಇದೆ, ಇಡೀ ಜಿಲ್ಲೆಗೆ, ಅದರಲ್ಲೂ ಒಂದು ಖಾಲಿ ಇದ್ರೆ ಆ ಕೆಲಸ ಯಾರ ತಲೆ ಮೇಲೆ ಬೀಳತ್ತೆ ಅಂತ ಹೇಳೋದು ಬೇಡ. ಜೊತೆಗೆ ಪೋರ್ಟಲ್ ಎಂಟ್ರಿ, ಜಾಗೃತಿ ಕಾರ್ಯಕ್ರಮದ ಫೋಟೋ, ಬ್ಯಾನರ್ ಮುಂದೆ ನಿಂತ್ಕೊಂಡ ಫೋಟೋ ಜಿಯೋಟ್ಯಾಗ್ ಮಾಡಿ ಕಳ್ಸಿ ಅಂತ ರಾತ್ರಿ ಎಂಟಕ್ಕೆ ಮೆಸೇಜು.

ಮ್ಯಾಸ್ಲಾಕ್ ಮತ್ತೆ ಲೈಟರ್ ಅನ್ನೋರು ಬರ್ನ್‌ಔಟಿಗೆ ಆರು ಜಾಗ ಗುರುತಿಸಿದ್ರು, ಕೆಲಸದ ಹೊರೆ, ನಮ್ಮ ಕೈಲಿರೋ ಹಿಡಿತ, ಸಿಗೋ ಪ್ರತಿಫಲ, ಜೊತೆಗಾರರು, ನ್ಯಾಯ, ಮೌಲ್ಯ. ಒಂದು ಟ್ರೈನಿಂಗಲ್ಲಿ ಈ ಆರನ್ನ ಬೋರ್ಡ್ ಮೇಲೆ ಬರೆದು ನಿಮ್ಮಲ್ಲಿ ಯಾವುದು ಸರಿ ಇದೆ ಟಿಕ್ ಹಾಕಿ ಅಂದೆ. ಜೊತೆಗಾರರು ಅನ್ನೋದಕ್ಕೆ ಮಾತ್ರ ಟಿಕ್ ಬಿತ್ತು, ಒಬ್ಬ ಹುಡುಗ ಎದ್ದು "ಮೇಡಂ, ಅದೊಂದು ಇರೋದಕ್ಕೇ ನಾವಿನ್ನೂ ಇದೀವಿ" ಅಂದ.

ಮಕ್ಕಳ ಸಹಾಯವಾಣಿ 1098 ನಡೆಸ್ತಿದ್ದ ಸಂಸ್ಥೆಗಳ ಕಥೆನೂ ಇಲ್ಲೇ ಹೇಳ್ಬೇಕು. 1996ರಲ್ಲಿ ಮುಂಬೈಲಿ ಶುರುವಾದ ಚೈಲ್ಡ್‌ಲೈನ್ 2023ರಲ್ಲಿ ಸಂಸ್ಥೆಗಳ ಕೈಯಿಂದ ಸರ್ಕಾರದ ಕೈಗೆ ಹೋಗಿ ತುರ್ತು ನಂಬರ್ 112ರ ಜೊತೆ ಸೇರ್ಕೊಂತು. ಅದು ಸರಿನಾ ತಪ್ಪಾ ಬೇರೆ ಚರ್ಚೆ. ಆದ್ರೆ ವರ್ಷಗಟ್ಟಲೆ ಮಧ್ಯರಾತ್ರಿ ಎದ್ದು ಫೋನ್ ಎತ್ತಿದವ್ರಿಗೆ ಒಂದಿನ ಫೋನೇ ಬರೋದು ನಿಂತ್ರೆ ಏನಾಗತ್ತೆ? ನನ್ನ ಗೆಳತಿ ಒಬ್ಳು ಆರು ತಿಂಗಳು ರಾತ್ರಿ ಎರಡಕ್ಕೆ ತಾನಾಗೇ ಎದ್ದು ಕೂರ್ತಿದ್ಳು.

ನಾನು ತಗೊಂಡ ನಿರ್ಧಾರದಿಂದ ಮಗುಗೆ ಇನ್ನೂ ಕೆಟ್ಟದಾಯ್ತು ಅನ್ಸ್ತಿದೆ. ಇದರಿಂದ ಹೊರಗೆ ಬರೋದು ಹೆಂಗೆ?

ಇದಕ್ಕೆ ಸುಲಭದ ಉತ್ತರ ನನ್ನ ಹತ್ರ ಇಲ್ಲ. ನಮ್ಮಲ್ಲಿ ಬಾಲ್ಯವಿವಾಹ ತಡೆದವ್ರಿಗೆಲ್ಲ ಇದರ ಅನುಭವ ಇದೆ. ಒಂದ್ಸಲ ಮದುವೆ ಹಿಂದಿನ ದಿನ ಸಂಜೆ ಕಂಪ್ಲೇಂಟ್ ಬಂದು ಪೊಲೀಸ್ರು, ಪಿಡಿಒ, ನಾನು ಹೋದ್ವಿ. ಚಪ್ಪರ ಹಾಕಿತ್ತು, ಹುಡುಗಿಗೆ ಅರಿಶಿನ ಹಚ್ಚಿದ್ರು, ಟಿಸಿ ನೋಡಿದ್ರೆ 16 ತುಂಬಿಲ್ಲ. ಅಡುಗೆಯವ್ರು ಪಾಯಸದ ಸೌಟು ಹಿಡ್ಕೊಂಡು ಇಳಿಸ್ಲಾ ಬೇಡ್ವಾ ಅಂತ ನಮ್ಮ ಮುಖ ನೋಡ್ತಾ ನಿಂತಿದ್ರು. ಮುಚ್ಚಳಿಕೆ ಬರೆಸ್ಕೊಂಡ್ವಿ. ಹುಡುಗಿ ನನ್ನ ಕಡೆ ನೋಡಿ "ನಮ್ಮಪ್ಪ ಮಾಡಿರೋ ಸಾಲ ನೀವ್ ತೀರಿಸ್ತೀರಾ" ಅಂದ್ಳು. ಮೂರು ವಾರಕ್ಕೆ ಯಾವುದೋ ನೆಂಟ್ರ ಊರಿನ ದೇವಸ್ಥಾನದಲ್ಲಿ ಮದುವೆ ಮುಗಿಸಿದ್ರು, ನಮಗೆ ಗೊತ್ತಾಗೋ ಹೊತ್ತಿಗೆ ಅವಳು ಗರ್ಭಿಣಿ. ಕರ್ನಾಟಕದ 2016ರ ತಿದ್ದುಪಡಿ ಪ್ರಕಾರ ಅಂಥ ಮದುವೆ ಮೊದಲಿಂದಲೇ ಅಸಿಂಧು. ಕಾಗದದ ಮೇಲೆ. ಪೋಕ್ಸೋ ಪ್ರಕಾರ ಗಂಡನ ಮೇಲೆ ಕೇಸು, ಆ ಕೇಸಿಗೂ ನಾನೇ ಓಡಾಡ್ಬೇಕು, ಅವಳು ನನ್ನ ಮುಖ ನೋಡಲ್ಲ.

ಸರಿ ಏನು ಅಂತ ಗೊತ್ತಿದ್ದೂ ಅದನ್ನ ಮಾಡಕ್ಕೆ ವ್ಯವಸ್ಥೆ ಬಿಡದೇ ಇದ್ದಾಗ ಆಗೋ ಸಂಕಟಕ್ಕೆ ಮಾರಲ್ ಡಿಸ್ಟ್ರೆಸ್ ಅಂತಾರೆ, 1984ರಲ್ಲಿ ನರ್ಸ್‌ಗಳ ಬಗ್ಗೆ ಬರೀತಾ ಜೇಮ್ಟನ್ ಅನ್ನೋರು ಕೊಟ್ಟ ಹೆಸರು. ಇದಕ್ಕೆ ರಜೆ ಹಾಕಿ ಮಲ್ಕೊಂಡ್ರೆ ಹೋಗಲ್ಲ, ಯಾಕಂದ್ರೆ ಇದು ಸುಸ್ತಲ್ಲ. ನಂಗೆ ಉಪಯೋಗ ಆಗಿದ್ದು ಒಂದೇ: ಆವತ್ತು ನನ್ನ ಕೈಲಿ ಏನು ಮಾಹಿತಿ ಇತ್ತು, ಯಾವ ದಾರಿ ಇತ್ತು, ಯಾವುದು ನನ್ನ ಕೈಲಿ ಇರ್ಲಿಲ್ಲ ಅಂತ ಒಬ್ಬ ಸೀನಿಯರ್ ಜೊತೆ ಕೂತು ಹಾಳೆ ಮೇಲೆ ಬರೆದಿದ್ದು. ನನ್ನ ತಪ್ಪೂ ಒಂದು ಸಿಕ್ತು, ಮದುವೆ ನಿಂತ ಮೇಲೆ ಆ ಮನೆಗೆ ಫಾಲೋಅಪ್‌ಗೆ ಹೋಗಿರ್ಲಿಲ್ಲ ನಾನು. ಈಗ ಹತ್ತು ದಿನದೊಳಗೆ ಹೋಗೇ ಹೋಗ್ತೀವಿ. ಹುಡುಗಿ ಕೇಳಿದ ಪ್ರಶ್ನೆಗೆ ಮಾತ್ರ ಇವತ್ತಿಗೂ ಉತ್ತರ ಇಲ್ಲ.

ನನ್ನ ಮಕ್ಕಳನ್ನ ಪಕ್ಕದ ಮನೆಗೂ ಕಳ್ಸಕ್ಕೆ ಭಯ ಆಗತ್ತೆ. ಇದು ಹುಚ್ಚಾ?

ಹುಚ್ಚಲ್ಲ, ಎಲ್ರಿಗೂ ಆಗತ್ತೆ. ನಾವು ದಿನಾ ನೋಡೋದು ಕೆಟ್ಟು ಹೋಗಿರೋ ಮನೆಗಳನ್ನೇ, ಚೆನ್ನಾಗಿರೋ ಮನೆಗಳು ನಮ್ಮ ಆಫೀಸಿಗೆ ಬರಲ್ಲ, ಹಂಗಾಗಿ ಲೋಕ ಪೂರ್ತಿ ಹಿಂಗೇ ಅಂತ ತಲೆಯಲ್ಲಿ ಕೂತ್ಬಿಡತ್ತೆ. ನನ್ನ ಗಂಡ ಮಗಳಿಗೆ ಸ್ನಾನ ಮಾಡಿಸ್ತಿದ್ರೆ ನಾನು ಬಾಗಿಲ ಹತ್ರ ಹೋಗಿ ನಿಂತಿದ್ದೆ ಒಂದಿನ. ಅವ್ರು ನೋಡಿದ್ರು, ಏನೂ ಹೇಳ್ಲಿಲ್ಲ, ಟವೆಲ್ ಕೊಡು ಅಂದ್ರು. ಆ ರಾತ್ರಿನೇ ನಂಗೆ ನಾಚಿಕೆ ಆಗಿ ಎಲ್ಲ ಹೇಳ್ದೆ. ಮಗುಗೆ ಸುರಕ್ಷಿತ ಅಸುರಕ್ಷಿತ ಸ್ಪರ್ಶ ಹೇಳಿಕೊಡಿ, ಆಟೋದವ್ರ ನಂಬರ್ ಇಟ್ಕೊಳ್ಳಿ, ಅದು ಎಚ್ಚರ. ಮಗು ಬರ್ತ್‌ಡೇಗೆ ಹೋಗೋದನ್ನೇ ನಿಲ್ಸಿದ್ರೆ ಅದು ನಿಮ್ಮ ಕೆಲಸ ನಿಮ್ಮ ಮಗು ಮೇಲೆ ಬಿದ್ದಂಗೆ.

ಮನೇಲಿ ಹೇಳ್ಕೋಬಹುದಾ? ಗುಟ್ಟು ಕಾಪಾಡ್ಬೇಕಲ್ವಾ?

ಮಗು ಹೆಸರು, ಊರು, ಶಾಲೆ, ಗುರುತು ಸಿಗೋ ಯಾವುದನ್ನೂ ಹೇಳ್ಬೇಡಿ. ಮಾಧ್ಯಮದಲ್ಲಿ ಮಗು ಗುರುತು ಬಯಲು ಮಾಡ್ಬಾರ್ದು ಅಂತ ಜೆಜೆ ಆಕ್ಟ್‌ನ 74ನೇ ಸೆಕ್ಷನ್, ಪೋಕ್ಸೋದ 23ನೇ ಸೆಕ್ಷನ್ ಎರಡೂ ಹೇಳ್ತವೆ, ನಾವು ಅದೇ ಶಿಸ್ತನ್ನ ಮನೆಯೊಳಗೂ ಇಟ್ಕೋಬೇಕು. ಆದ್ರೆ "ಇವತ್ತು ನಂಗೆ ತುಂಬಾ ಕಷ್ಟ ಆಯ್ತು, ಒಂದರ್ಧ ಗಂಟೆ ಸುಮ್ನೆ ಕೂರ್ಬೇಕು" ಅನ್ನೋದು ನಿಮ್ಮ ವಿಷಯ, ಕೇಸಿನ ವಿಷಯ ಅಲ್ಲ. ಅದನ್ನ ಹೇಳ್ಳೇಬೇಕು. ಹೇಳದೇ ಇದ್ರೆ ಅದು ಕುಕ್ಕರ್ ವಿಸಿಲ್ಲಿಗೆ ಸಿಡುಕೋ ರೂಪದಲ್ಲಿ ಹೊರಗೆ ಬರತ್ತೆ.

ಕೋರ್ಟ್ ಸಮನ್ಸ್ ಬಂದಾಗೆಲ್ಲ ಎದೆ ಹೊಡ್ಕೊಳತ್ತೆ, ಯಾಕೆ?

ಪೋಕ್ಸೋ ಕೇಸು ಆದಷ್ಟೂ ಒಂದು ವರ್ಷದಲ್ಲಿ ಮುಗೀಬೇಕು ಅಂತ ಕಾನೂನಲ್ಲಿದೆ, ಆದ್ರೆ ನಾಲ್ಕು ವರ್ಷ ಆದ್ಮೇಲೂ ಸಾಕ್ಷಿ ಹೇಳಕ್ಕೆ ಕರೆ ಬರತ್ತೆ. ಅಷ್ಟರಲ್ಲಿ ನೀವು ಕಷ್ಟಪಟ್ಟು ಮರೆತಿದ್ದನ್ನೆಲ್ಲ ಹಳೇ ಫೈಲ್ ತೆಗೆದು ಮತ್ತೆ ಓದ್ಬೇಕು, ಆ ಕಡೆ ಲಾಯರ್ರು ನೀವೇ ಮಗುಗೆ ಹೇಳಿಕೊಟ್ಟಿದ್ದು ಅಂತ ಜೋರು ಮಾಡ್ತಾರೆ. ಹಿಂದಿನ ರಾತ್ರಿ ಫೈಲ್ ಓದ್ಬೇಡಿ, ಎರಡು ದಿನ ಮುಂಚೆ ಓದಿ. ಒಬ್ಬರೇ ಹೋಗ್ಬೇಡಿ, ಹೊರಗೆ ಬೆಂಚ್ ಮೇಲೆ ಕೂರಕ್ಕೆ ಯಾರಾದ್ರೂ ಒಬ್ಬರು ಜೊತೆಗಿರ್ಲಿ. ಕೋರ್ಟಿಂದ ಸೀದಾ ಇನ್ನೊಂದು ಹೋಮ್ ವಿಸಿಟ್ಟಿಗೆ ಹೋಗೋ ಪ್ಲಾನ್ ಮಾತ್ರ ಮಾಡ್ಬೇಡಿ.

ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೂ ಇದೆಲ್ಲ ಆಗತ್ತಾ?

ಆಗತ್ತೆ, ಇನ್ನೂ ಬೇರೆ ಥರ ಆಗತ್ತೆ. ನಾವು ಕೇಸ್ ಮುಗಿಸಿ ಜಿಲ್ಲಾ ಕೇಂದ್ರಕ್ಕೆ ಬಂದ್ಬಿಡ್ತೀವಿ, ಅವ್ರು ಅದೇ ಬೀದೀಲಿ ಇರ್ಬೇಕು. ಬಾಲ್ಯವಿವಾಹದ ಸುಳಿವು ಕೊಟ್ಟೋರು ಯಾರು ಅಂತ ಊರಿಗೆ ಗೊತ್ತಾದ್ರೆ ನಾಳೆಯಿಂದ ಅಂಗನವಾಡಿಗೆ ಮಕ್ಕಳನ್ನ ಕಳ್ಸಲ್ಲ, ನಲ್ಲಿ ಹತ್ರ ಮಾತಾಡ್ಸಲ್ಲ. 1975ರಲ್ಲಿ ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಿಂದ ಶುರುವಾದ ಯೋಜನೆ ಅಂಗನವಾಡಿದು, ಐವತ್ತು ವರ್ಷ ಆದ್ರೂ ಅವ್ರನ್ನ ಕೆಲಸಗಾರರು ಅಂತ ಕರೆಯೋದಾ ಸ್ವಯಂಸೇವಕರು ಅಂತ ಕರೆಯೋದಾ ಅನ್ನೋ ಜಗಳ ಮುಗಿದಿಲ್ಲ. ಮನಸ್ಸಿನ ಆರೋಗ್ಯದ ಮಾತು ಅವ್ರ ತನಕ ಹೋಗೋದು ಅವ್ರು ಬೇರೆಯವ್ರಿಗೆ ಸರ್ವೆ ಮಾಡ್ಬೇಕಾದಾಗ ಮಾತ್ರ.

ನನಗೇ ಚಿಕ್ಕವಯಸ್ಸಲ್ಲಿ ಇಂಥದ್ದು ಆಗಿತ್ತು. ಈ ಕೆಲಸ ಮಾಡ್ಬಹುದಾ?

ಮಾಡ್ಬಹುದು. ನಮ್ಮಲ್ಲಿ ಹಲವರು ಅದಕ್ಕೇ ಬಂದಿರೋದು, ಹೇಳ್ಕೊಳಲ್ಲ ಅಷ್ಟೇ. ಆದ್ರೆ ಯಾವ ಕೇಸು ನಿಮ್ಮ ಹಳೇ ಗಾಯಕ್ಕೆ ತಗಲತ್ತೆ ಅಂತ ಮುಂಚೆನೇ ಗೊತ್ತಿರ್ಲಿ, ಅಂಥ ಕೇಸನ್ನ ಬೇರೆಯವ್ರಿಗೆ ಕೊಡಿ ಅಂತ ಕೇಳೋ ಹಕ್ಕು ನಿಮಗಿದೆ, ಕಾರಣ ವಿವರಿಸಬೇಕಾಗಿಲ್ಲ. ನಿಮ್ಮ ಗಾಯಕ್ಕೆ ನಿಮ್ಮದೇ ಕೌನ್ಸೆಲರ್ ಇರ್ಲಿ, ಕೇಸಿನ ಮಗುನ ಗುಣಪಡಿಸಿ ನಾನೂ ಗುಣ ಆಗ್ತೀನಿ ಅನ್ನೋ ಲೆಕ್ಕ ಬೇಡ. ಪಾಪ ಆ ಮಗು ಮೇಲೆ ಅಷ್ಟು ಭಾರ ಹಾಕ್ಬಾರ್ದು.

15 ವರ್ಷ ಆದವ್ರಿಗೆ ಅಭ್ಯಾಸ ಆಗಿರತ್ತಲ್ವಾ?

ಅಭ್ಯಾಸ ಆಗಿರೋದು ಫಾರಂಗಳು. ಹಿರಿಯರಲ್ಲಿ ಇದು ಬೇರೆ ವೇಷ ಹಾಕ್ಕೊಂಡು ಬರತ್ತೆ, ಬಿಪಿ, ಬೆನ್ನುನೋವು, ರಾತ್ರಿ ಒಂದು ಪೆಗ್ಗು ಎರಡಾಗೋದು, ಹೊಸಬ್ರು ಉತ್ಸಾಹದಿಂದ ಏನಾದ್ರೂ ಹೇಳಿದ್ರೆ "ನೋಡಿದೀನಿ ಬಿಡಪ್ಪ ಇವೆಲ್ಲ" ಅನ್ನೋದು. ಮತ್ತೆ ಹಳೇದೆಲ್ಲ ಒಟ್ಟಿಗೆ ಬರೋದು. 2021ರಲ್ಲಿ ಕೋವಿಡ್ ಎರಡನೇ ಅಲೆ ಆದ್ಮೇಲೆ ಅಪ್ಪ ಅಮ್ಮ ಇಬ್ಬರನ್ನೂ ಕಳ್ಕೊಂಡ ಮಕ್ಕಳ ಪಟ್ಟಿ ಮಾಡಕ್ಕೆ ಮನೆ ಮನೆಗೆ ಹೋದ್ವಿ, ಬಾಲ ಸೇವಾ ಯೋಜನೇಲಿ ತಿಂಗಳಿಗೆ 3,500 ರೂಪಾಯಿ ಕೊಡ್ಸಕ್ಕೆ. ಒಂದು ಮನೇಲಿ ಹುಡುಗ ಅಪ್ಪನ ಮೊಬೈಲ್ ತಂದು ಕೊಟ್ಟು "ಇದರಲ್ಲಿ ಆಧಾರ್ ಫೋಟೋ ಇದೆ ಆಂಟಿ, ಲಾಕ್ ತೆಗೆಯಕ್ಕೆ ಅಪ್ಪನ ಬೆರಳು ಬೇಕು" ಅಂದ. ಹನ್ನೆರಡು ವರ್ಷ ಅನುಭವ ಇದ್ದವಳು ನಾನು, ಆ ಮನೆ ಜಗಲಿ ಮೇಲೆ ಕೂತು ಹುಡುಗನ ಮುಂದೆನೇ ಅತ್ತೆ. ಆವತ್ತು ಅತ್ತಿದ್ದು ಅವನೊಬ್ಬನಿಗೇ ಅಲ್ಲ, ಪಿನ್ನಿನ ಹುಡುಗನಿಂದ ಹಿಡಿದು ಎಲ್ರಿಗೂ ಸೇರಿಸಿ ಅಂತ ಆಮೇಲೆ ಗೊತ್ತಾಯ್ತು.

ಸೂಪರ್‌ವಿಷನ್ ಬೇಕು ಅಂತ ಕ್ಲಾಸಲ್ಲಿ ಹೇಳ್ತೀರ, ತಿಂಗಳಿಗೊಂದು ರಿವ್ಯೂ ಮೀಟಿಂಗ್ ಇದ್ಯಲ್ಲ?

ರಿವ್ಯೂ ಮೀಟಿಂಗಲ್ಲಿ ಎಷ್ಟು ಕೇಸು ಪೆಂಡಿಂಗು ಅಂತ ಕೇಳ್ತಾರೆ. ಸೂಪರ್‌ವಿಷನ್ನಲ್ಲಿ ಆ ಕೇಸು ನಿನಗೇನು ಮಾಡ್ತಿದೆ, ಮುಂದಿನ ಹೆಜ್ಜೆ ಇಬ್ಬರೂ ಸೇರಿ ಯೋಚಿಸೋಣ ಬಾ ಅಂತ ಕೇಳ್ತಾರೆ. ಮೊದಲನೇದು ಎಕ್ಸೆಲ್ ಶೀಟಿಗೆ, ಎರಡನೇದು ಮನುಷ್ಯರಿಗೆ. ನಿಮ್ಮಲ್ಲಿ ಅಂಥದ್ದಿಲ್ಲ ಅಂದ್ರೆ ನೀವೇ ಶುರು ಮಾಡಿ, ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ, ಮೂರ್ನಾಲ್ಕು ಜನ, ಒಬ್ಬರು ಒಂದು ಕೇಸ್ ಹೇಳೋದು, ಉಳಿದವ್ರು ಸಲಹೆ ಕೊಡದೇ ಮೊದಲು ಪೂರ್ತಿ ಕೇಳೋದು. ಸಲಹೆ ಕೊಡದೇ ಕೂರೋದು ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಗತ್ತೆ. ನಾವು ಅದನ್ನ ಪಕ್ಕದ ರಸ್ತೆ ದರ್ಶಿನಿ ಮಹಡಿ ಮೇಲೆ ಮಾಡ್ತಿದ್ವಿ, ಆಫೀಸಲ್ಲಿ ಮಾಡಿದ್ರೆ ಯಾರಾದ್ರೂ ಸಹಿಗೆ ಬರ್ತಾರೆ. ಮಕ್ಕಳ ಮಾನಸಿಕ ಆರೋಗ್ಯದ ಬಗ್ಗೆ ಕೇಸ್ ಹಿಡಿದು ಕಲಿಯೋಕೆ ನಿಮ್ಹಾನ್ಸ್‌ನ ಸಂವಾದ್ ಟ್ರೈನಿಂಗ್‌ಗಳೂ ಇವೆ, ಅವಕಾಶ ಸಿಕ್ರೆ ಬಿಡ್ಬೇಡಿ.

ಯೋಗ, ಧ್ಯಾನ ಮಾಡಿದ್ರೆ ಸಾಕಲ್ವಾ?

ಮಾಡಿ, ಒಳ್ಳೇದೇ, ನಾನೂ ವಾಕಿಂಗ್ ಹೋಗ್ತೀನಿ. ಆದ್ರೆ ವರ್ಷಕ್ಕೊಂದು ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಕಾರ್ಯಾಗಾರ ಮಾಡ್ಸಿ, ಉಸಿರು ಎಳ್ಕೊಳ್ಳಿ ಬಿಡಿ ಅಂತ ಹೇಳಿ, ಅದೇ ದಿನ ಸಂಜೆ ಸಂಬಳ ಇನ್ನೆರಡು ತಿಂಗಳು ಆಗಲ್ಲ ಅಂತ ಹೇಳಿದ್ರೆ ಆ ಉಸಿರು ಎಲ್ಲಿ ಹೋಗತ್ತೆ?

ಯಾರ ಹತ್ರ ಹೋಗ್ಬೇಕು? ಖರ್ಚು ಎಷ್ಟು?

ಮೊದಲು ಫೋನು: ಟೆಲಿ ಮಾನಸ್, 14416. 2022ರ ಅಕ್ಟೋಬರಿಂದ ಇದೆ, ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡ್ಬಹುದು. ಬೇರೆಯವ್ರಿಗೆ ಈ ನಂಬರ್ ಕೊಟ್ಟೂ ಕೊಟ್ಟೂ ನಮಗೂ ಅದು ಅನ್ವಯಿಸತ್ತೆ ಅನ್ನೋದೇ ಮರ್ತೋಗಿರತ್ತೆ. ಜಿಲ್ಲಾ ಆಸ್ಪತ್ರೇಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮನೋವೈದ್ಯರಿರ್ತಾರೆ, ಈ ಕಾರ್ಯಕ್ರಮದ ಮಾದರಿ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, 80ರ ದಶಕದಲ್ಲಿ. ತಾಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಬರ್ತಾರೆ, ನಿಮ್ಮ ತಾಲೂಕಲ್ಲಿ ಯಾವ ಮಂಗಳವಾರ ಅಂತ ವಿಚಾರಿಸ್ಕೊಳ್ಳಿ. ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್. ಆಸ್ಪತ್ರೆ ಅಂದ್ರೆ ಹಿಂಜರಿಕೆ ಇದ್ರೆ ಬೆಂಗಳೂರಿನ ಬಿಟಿಎಂ ಲೇಔಟಲ್ಲಿ ನಿಮ್ಹಾನ್ಸ್‌ದೇ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಏಜೆನ್ಸಿ ಮೂಲಕ ಇರೋರು ಪೇ ಸ್ಲಿಪ್ ನೋಡಿ, ಇಎಸ್‌ಐ ಕಟ್ ಆಗ್ತಿದ್ರೆ ಅಲ್ಲೂ ತೋರಿಸ್ಕೋಬಹುದು. ಪ್ರೈವೇಟ್ ಇನ್ಶೂರೆನ್ಸ್ ಇದ್ರೆ, ಮಾನಸಿಕ ಆರೋಗ್ಯ ಕಾಯ್ದೆ 2017ರ ಪ್ರಕಾರ ದೈಹಿಕ ಕಾಯಿಲೆಗೆ ಕೊಟ್ಟಂಗೇ ಮಾನಸಿಕ ಕಾಯಿಲೆಗೂ ವಿಮೆ ಕೊಡ್ಬೇಕು.

ಸಣ್ಣ ಜಿಲ್ಲೇಲಿ ಇನ್ನೊಂದು ತೊಂದರೆ ಇದೆ. ಕೇಸಿನ ಮಕ್ಕಳನ್ನ ಕರ್ಕೊಂಡು ಹೋಗೋ ಡಾಕ್ಟ್ರ ಹತ್ರನೇ ನಾವೂ ಹೋಗ್ಬೇಕು, ಕ್ಯೂನಲ್ಲಿ ಯಾರಾದ್ರೂ "ಏನ್ ಮೇಡಂ, ಇವತ್ತು ಯಾವ ಮಗು" ಅಂತಾರೆ. ಪಕ್ಕದ ಜಿಲ್ಲೆಗೆ ಹೋಗಿ ತೋರಿಸ್ಕೊಂಡವ್ರು ಇದಾರೆ, ಅದರಲ್ಲಿ ತಪ್ಪೇನಿಲ್ಲ.

ಮಾತ್ರೆ ತಗೊಳ್ತಿರೋದು ಗೊತ್ತಾದ್ರೆ ಕೆಲಸದಿಂದ ತೆಗೀತಾರಾ?

ಚಿಕಿತ್ಸೆ ವಿವರ ಗುಟ್ಟಾಗಿಡೋದು ಮೇಲೆ ಹೇಳಿದ ಮಾನಸಿಕ ಆರೋಗ್ಯ ಕಾಯ್ದೇಲಿ ನಿಮಗಿರೋ ಹಕ್ಕು, ಡಾಕ್ಟ್ರು ಆಫೀಸಿಗೆ ಹೇಳಂಗಿಲ್ಲ. ಕಾಂಟ್ರಾಕ್ಟಲ್ಲಿರೋರಿಗೆ ಭಯ ಇರೋದು ನಿಜ, ಕಾರಣ ಹೇಳದೇನೇ ರಿನ್ಯೂ ಮಾಡದೇ ಇರಬಹುದು, ಸುಳ್ಳು ಧೈರ್ಯ ನಾನು ಹೇಳಲ್ಲ. ಹಂಗಾಗಿ ಯಾರಿಗೆ ಹೇಳ್ಬೇಕು ಅನ್ನೋದನ್ನ ನೀವೇ ಆರಿಸ್ಕೊಳ್ಳಿ. ಮಾತ್ರೆ ಮಾತ್ರ ಡಾಕ್ಟ್ರನ್ನ ಕೇಳದೇ ನಿಲ್ಸಬೇಡಿ.

ಬದುಕೋದೇ ಬೇಡ ಅನ್ಸತ್ತೆ ಒಂದೊಂದ್ಸಲ.

ಇದನ್ನ ಓದ್ತಿರೋವಾಗಲೇ ಹಂಗನ್ನಿಸ್ತಿದ್ರೆ ಇಲ್ಲಿಗೆ ನಿಲ್ಸಿ, 14416ಕ್ಕೆ ಫೋನ್ ಮಾಡಿ, ತುರ್ತು ಅಂದ್ರೆ 112. ಪಕ್ಕದಲ್ಲಿ ಯಾರನ್ನಾದ್ರೂ ಕರ್ಕೊಂಡು ಕೂರಿ, ಒಬ್ಬರೇ ಇರ್ಬೇಡಿ. ಜೊತೆಗಾರರು ಹಿಂಗೆ ಹೇಳಿದ್ರೆ "ಮಕ್ಕಳಿಗೆ ಧೈರ್ಯ ಹೇಳೋ ನೀನೇ ಹಿಂಗಂದ್ರೆ ಹೆಂಗೆ" ಅನ್ನೋ ಮಾತು ದಯವಿಟ್ಟು ಆಡ್ಬೇಡಿ. ನೇರವಾಗಿ ಕೇಳಿ, ಸಾಯೋ ಯೋಚನೆ ಬರ್ತಿದ್ಯಾ ಅಂತ. ಕೇಳಿದ್ರೆ ಹೆಚ್ಚಾಗತ್ತೆ ಅನ್ನೋದು ತಪ್ಪು. ಕೇಳಿ, ಜೊತೆಗಿದ್ದು, ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಬಿಟ್ಟುಬಿಡ್ಲಾ?

ಬಿಡ್ಬಹುದು. ಬಿಟ್ಟವ್ರನ್ನ ಓಡಿಹೋದ್ರು ಅನ್ನೋ ಚಾಳಿ ನಮ್ಮಲ್ಲಿದೆ, ಅದು ನಿಲ್ಬೇಕು. ನನ್ನ ಬ್ಯಾಚಿನ ಒಬ್ರು ಈಗ ಬೇಕರಿ ಇಟ್ಟಿದಾರೆ, ಆರಾಮಾಗಿದಾರೆ, ಹೋದಾಗೆಲ್ಲ ದಿಲ್‌ಪಸಂದ್ ದುಡ್ಡು ತಗೊಳಲ್ಲ. ಆದ್ರೆ ಕೆಟ್ಟ ವಾರದ ಕೊನೇಲಿ ನಿರ್ಧಾರ ಮಾಡ್ಬೇಡಿ. ಒಂದು ವಾರ ರಜೆ ತಗೊಂಡು ನಿದ್ದೆ ಮಾಡಿ, ಆಮೇಲೂ ಆಫೀಸ್ ಗೇಟ್ ನೆನೆಸ್ಕೊಂಡ್ರೆ ಹೊಟ್ಟೆ ತೊಳೆಸತ್ತೆ ಅಂದ್ರೆ ಯೋಚಿಸಿ. ಫೀಲ್ಡ್ ಬಿಟ್ಟು ಸ್ಪಾನ್ಸರ್‌ಶಿಪ್, ದತ್ತು, ಟ್ರೈನಿಂಗ್ ಕಡೆ ಬದಲಾಯಿಸ್ಕೊಳ್ಳೋಕೆ ಅವಕಾಶ ಇದ್ರೆ ಅದನ್ನೂ ನೋಡಿ.

ನಾಳೆ ನಮ್ಮ ಟೀಮಿಗೆ ಹೊಸ ಹುಡುಗಿ ಸೇರ್ತಿದಾಳೆ. ಏನ್ ಹೇಳಿಕೊಡ್ಲಿ?

ಮೊದಲ ಪೋಕ್ಸೋ ಕೇಸಿಗೆ ಒಬ್ಬಳನ್ನೇ ಕಳ್ಸಬೇಡಿ, ಜೊತೆಗೆ ಹೋಗಿ, ಬಂದ್ಮೇಲೆ ಫಾರಂ ಬಗ್ಗೆ ಕೇಳೋ ಮುಂಚೆ ಊಟ ಆಯ್ತಾ ಕೇಳಿ. ಎಫ್‌ಐಆರ್‌ನಲ್ಲಿರೋ ವಿವರ ಅವಳು ಅನಗತ್ಯವಾಗಿ ಮತ್ತೆ ಮತ್ತೆ ಓದೋದು ಬೇಡ, ಎಷ್ಟು ಬೇಕೋ ಅಷ್ಟು. ರಾತ್ರಿ ಫೋನ್ ಡ್ಯೂಟಿ ಸರದಿ ಮೇಲೆ ಹಾಕಿ, ಮದುವೆ ಆಗಿಲ್ಲ ಅಂತ ಯಾವಾಗ್ಲೂ ಅವಳಿಗೇ ಹಾಕ್ಬೇಡಿ. ಬ್ಯಾಗಲ್ಲಿ ಒಂದು ಬಿಸ್ಕೆಟ್ ಪ್ಯಾಕೆಟ್ಟು, ನೀರು, ಬಣ್ಣದ ಕ್ರೆಯಾನು, ಸ್ಯಾನಿಟರಿ ಪ್ಯಾಡು, ಮಗು ಸೈಜಿನ ಒಂದು ಜೊತೆ ಬಟ್ಟೆ ಇಟ್ಕೊಳಕ್ಕೆ ಹೇಳಿ. ಬಿಸ್ಕೆಟ್ ಎರಡು ಪ್ಯಾಕೆಟ್ ಇರ್ಲಿ, ಒಂದು ಅವಳಿಗೆ. ಮತ್ತೆ ಸೇಫ್ಟಿ ಪಿನ್ನು ಬೇಡ, ಪುಟಾಣಿ ಹವಾಯಿ ಚಪ್ಪಲಿ ಒಂದು ಜೊತೆ ಆಫೀಸ್ ಬೀರುನಲ್ಲಿ ಇಟ್ಟಿರಿ, ನಮ್ಮಲ್ಲಿ ಮೂರು ಸೈಜು ಇದೆ.